ಕರ್ನಾಟಕದಲ್ಲಿ ಸಹಾಯಧನ ವಸತಿ ಮತ್ತು ಕಟ್ಟಡ ಕಾರ್ಮಿಕರ ಕಾನೂನು ವ್ಯಾಖ್ಯಾನಗಳು

ಸಹಾಯಧನ ವಸತಿ ಮತ್ತು ಕಟ್ಟಡ ಕಾರ್ಮಿಕರ ಕಾನೂನು ವ್ಯಾಖ್ಯಾನಗಳು ಎಂದರೆ, ಸರ್ಕಾರದ ನೆರವಿನಿಂದ ಮನೆ ಪಡೆಯಲು ಯಾರು ಅರ್ಹರು, ಮನೆ ಕಟ್ಟುವವರಲ್ಲಿ ಯಾರು 'ಕಟ್ಟಡ ಕಾರ್ಮಿಕ' ಎನಿಸಿಕೊಳ್ಳುತ್ತಾರೆ, ಅವರ ಹೊಣೆ ಯಾರದು ಎಂಬುದನ್ನು ನಿರ್ಧರಿಸುವ ಪಾರಿಭಾಷಿಕ ಪದಗಳು ಮತ್ತು ಅವುಗಳ ಅರ್ಥ. ಇವು ಒಂದೇ ಕಾನೂನಿನಲ್ಲಿ ಇಲ್ಲ. ಕಾರ್ಮಿಕರಿಗೆ ಸಂಬಂಧಿಸಿದ ಪದಗಳು ಮುಖ್ಯವಾಗಿ 1996ರ ಎರಡು ಕೇಂದ್ರ ಕಾಯಿದೆಗಳಲ್ಲಿಯೂ ಅವುಗಳ ಸ್ಥಾನಕ್ಕೆ ಬಂದ 2020ರ ಕಾರ್ಮಿಕ ಸಂಹಿತೆಗಳಲ್ಲಿಯೂ ಇವೆ. ಮನೆಗೆ ಸಂಬಂಧಿಸಿದ ಪದಗಳು ಪ್ರಧಾನಮಂತ್ರಿ ಆವಾಸ್ ಯೋಜನೆಯ ಮಾರ್ಗಸೂಚಿಗಳಲ್ಲಿ, ರಾಜ್ಯದ ವಸತಿ ಯೋಜನೆಗಳಲ್ಲಿ ಮತ್ತು 2016ರ ರಿಯಲ್ ಎಸ್ಟೇಟ್ ಕಾಯಿದೆಯಲ್ಲಿ ಹಂಚಿಹೋಗಿವೆ. ಒಂದೇ ಮನೆಯ ವಿಷಯದಲ್ಲಿ ಈ ಎರಡು ಬಗೆಯ ವ್ಯಾಖ್ಯಾನಗಳೂ ಏಕಕಾಲಕ್ಕೆ ಅನ್ವಯಿಸುವುದರಿಂದ ಇವುಗಳನ್ನು ಜೊತೆಯಲ್ಲಿಟ್ಟು ಓದಬೇಕಾಗುತ್ತದೆ.

## ಹಿನ್ನೆಲೆ

ಕಾರ್ಖಾನೆಯ ಕಾರ್ಮಿಕನಿಗೆ ಒಂದು ಸ್ಥಿರವಾದ ಕೆಲಸದ ಸ್ಥಳವೂ ಒಬ್ಬ ಮಾಲೀಕನೂ ಇರುತ್ತಾರೆ. ಕಟ್ಟಡ ಕಾರ್ಮಿಕನಿಗೆ ಇವೆರಡೂ ಇರುವುದಿಲ್ಲ. ಒಂದು ಮನೆಯ ಕೆಲಸ ಮುಗಿದ ಕೂಡಲೇ ಅವನ ಕೆಲಸದ ಸ್ಥಳವೂ ಮಾಲೀಕನೂ ಬದಲಾಗುತ್ತಾರೆ. ಹೀಗಾಗಿ 1948ರ ಕಾರ್ಖಾನೆಗಳ ಕಾಯಿದೆಯಂತಹ ಕಾನೂನುಗಳ ರಕ್ಷಣೆ ಈ ವರ್ಗಕ್ಕೆ ದೊರೆಯುತ್ತಿರಲಿಲ್ಲ. ಪ್ರತ್ಯೇಕ ಕಾನೂನು ಬೇಕೆಂಬ ಕಾರ್ಮಿಕ ಸಂಘಟನೆಗಳ ದೀರ್ಘಕಾಲದ ಒತ್ತಾಯದ ಬಳಿಕ ಸಂಸತ್ತು 1996ರಲ್ಲಿ ಎರಡು ಕಾಯಿದೆಗಳನ್ನು ಅಂಗೀಕರಿಸಿತು.

ಮೊದಲನೆಯದು ಕಟ್ಟಡ ಮತ್ತು ಇತರೆ ನಿರ್ಮಾಣ ಕಾರ್ಮಿಕರ (ಉದ್ಯೋಗ ನಿಯಂತ್ರಣ ಮತ್ತು ಸೇವಾ ಷರತ್ತುಗಳು) ಕಾಯಿದೆ. ಇದು ಕೆಲಸದ ಸಮಯ, ಸುರಕ್ಷತೆ ಮತ್ತು ಕಲ್ಯಾಣಕ್ಕೆ ಸಂಬಂಧಿಸಿದ್ದು. ಎರಡನೆಯದು ಕಟ್ಟಡ ಮತ್ತು ಇತರೆ ನಿರ್ಮಾಣ ಕಾರ್ಮಿಕರ ಕಲ್ಯಾಣ ಸೆಸ್ ಕಾಯಿದೆ. ಇದು ಕಲ್ಯಾಣಕ್ಕೆ ಬೇಕಾದ ಹಣವನ್ನು ನಿರ್ಮಾಣ ವೆಚ್ಚದಿಂದಲೇ ಸಂಗ್ರಹಿಸುವ ವ್ಯವಸ್ಥೆಯನ್ನು ಮಾಡಿತು. ಕರ್ನಾಟಕ ಸರ್ಕಾರವು ಮೊದಲ ಕಾಯಿದೆಯ ಅಡಿಯಲ್ಲಿ 2006ರಲ್ಲಿ ನಿಯಮಗಳನ್ನು ರಚಿಸಿತು. 2007ರಲ್ಲಿ ಕರ್ನಾಟಕ ಕಟ್ಟಡ ಮತ್ತು ಇತರೆ ನಿರ್ಮಾಣ ಕಾರ್ಮಿಕರ ಕಲ್ಯಾಣ ಮಂಡಳಿ ಅಸ್ತಿತ್ವಕ್ಕೆ ಬಂದಿತು.

## ಕಾರ್ಮಿಕರಿಗೆ ಸಂಬಂಧಿಸಿದ ವ್ಯಾಖ್ಯಾನಗಳು

### ಕಟ್ಟಡ ಅಥವಾ ಇತರೆ ನಿರ್ಮಾಣ ಕೆಲಸ

1996ರ ಕಾಯಿದೆಯ 2ನೆಯ ಪ್ರಕರಣದ ಪ್ರಕಾರ ಕಟ್ಟಡ, ರಸ್ತೆ, ರೈಲುಮಾರ್ಗ, ನೀರಾವರಿ, ಚರಂಡಿ, ಪ್ರವಾಹ ನಿಯಂತ್ರಣ, ವಿದ್ಯುತ್ ಉತ್ಪಾದನೆ ಮತ್ತು ವಿತರಣೆ, ನೀರು ಸರಬರಾಜು, ದೂರಸಂಪರ್ಕ, ಅಣೆಕಟ್ಟು, ಕಾಲುವೆ, ಸುರಂಗ, ಸೇತುವೆ, ಕೊಳವೆಮಾರ್ಗ, ಗೋಪುರ ಮೊದಲಾದವುಗಳ ನಿರ್ಮಾಣ, ಮಾರ್ಪಾಟು, ದುರಸ್ತಿ, ನಿರ್ವಹಣೆ ಅಥವಾ ಕೆಡಹುವಿಕೆ 'ನಿರ್ಮಾಣ ಕೆಲಸ' ಎನಿಸುತ್ತದೆ. ಹೊಸದಾಗಿ ಕಟ್ಟುವುದು ಮಾತ್ರವಲ್ಲದೆ ಹಳೆಯದನ್ನು ಕೆಡಹುವುದೂ ಬಣ್ಣ ಬಳಿಯುವಂತಹ ನಿರ್ವಹಣೆಯ ಕೆಲಸವೂ ಇದರಲ್ಲಿ ಸೇರುತ್ತವೆ ಎಂಬುದು ಗಮನಾರ್ಹ. ಪಟ್ಟಿಯಲ್ಲಿಲ್ಲದ ಕೆಲಸಗಳನ್ನು ಸರ್ಕಾರವು ಅಧಿಸೂಚನೆಯ ಮೂಲಕ ಸೇರಿಸಬಹುದು.

ಕಾರ್ಖಾನೆಗಳ ಕಾಯಿದೆ ಅಥವಾ 1952ರ ಗಣಿ ಕಾಯಿದೆ ಅನ್ವಯಿಸುವ ಕೆಲಸವನ್ನು ಈ ವ್ಯಾಖ್ಯಾನ ಹೊರಗಿಡುತ್ತದೆ. ಕರಾವಳಿಯಲ್ಲಿ ಈ ಗೆರೆಯನ್ನು ಸುಲಭವಾಗಿ ಕಾಣಬಹುದು. ಗಣಿ ಕಾಯಿದೆ ಅನ್ವಯಿಸುವ ಕೋರೆಯಲ್ಲಿ ಕೆಂಪುಕಲ್ಲನ್ನು (ಮುರಕಲ್ಲನ್ನು) ಕಡಿಯುವವನು ಈ ವ್ಯಾಖ್ಯಾನದ ಹೊರಗೆ; ಅದೇ ಕಲ್ಲಿನಿಂದ ಗೋಡೆ ಕಟ್ಟುವವನು ಒಳಗೆ. ಹಂಚಿನ ಕಾರ್ಖಾನೆಯಲ್ಲಿ ಹಂಚು ಸುಡುವವನು ಹೊರಗೆ. ಪಕ್ಕಾಸು, ರೀಪು ಜೋಡಿಸಿ ಅದೇ ಹಂಚನ್ನು ಹೊದಿಸುವವನು ಒಳಗೆ.

ನಿರ್ಮಾಣದ ಹಂತದಲ್ಲಿರುವ ಕಾರ್ಖಾನೆಯ ವಿಷಯದಲ್ಲಿ ಸರ್ವೋಚ್ಚ ನ್ಯಾಯಾಲಯವು 2016ರಲ್ಲಿ ಲ್ಯಾಂಕೊ ಅನ್ಪರಾ ಪವರ್ ಪ್ರಕರಣದಲ್ಲಿ ಸ್ಪಷ್ಟನೆ ನೀಡಿತು. ಉತ್ಪಾದನೆ ಆರಂಭವಾಗದ ಸ್ಥಾವರವನ್ನು ಕಟ್ಟುತ್ತಿರುವವರು ಕಾರ್ಖಾನೆಯ ಕಾರ್ಮಿಕರಲ್ಲ, ಕಟ್ಟಡ ಕಾರ್ಮಿಕರು. ಆದ್ದರಿಂದ 1996ರ ಕಾಯಿದೆಗಳು ಅಂಥಲ್ಲಿಯೂ ಅನ್ವಯಿಸುತ್ತವೆ ಎಂಬುದು ತೀರ್ಪಿನ ಸಾರ.

### ಕಟ್ಟಡ ಕಾರ್ಮಿಕ

ನಿರ್ಮಾಣ ಕೆಲಸಕ್ಕೆ ಸಂಬಂಧಿಸಿ ಕೂಲಿಗಾಗಿ ಅಥವಾ ಪ್ರತಿಫಲಕ್ಕಾಗಿ ಕುಶಲ, ಅರೆಕುಶಲ ಅಥವಾ ಅಕುಶಲ ಕೆಲಸವನ್ನು ಮಾಡುವವರು 'ಕಟ್ಟಡ ಕಾರ್ಮಿಕ'ರು. ದೈಹಿಕ ಕೆಲಸವಷ್ಟೇ ಅಲ್ಲದೆ ಮೇಲ್ವಿಚಾರಣೆ, ತಾಂತ್ರಿಕ ಕೆಲಸ ಮತ್ತು ಗುಮಾಸ್ತಿಕೆಯೂ ಸೇರುತ್ತವೆ. ಕೆಲಸದ ಒಪ್ಪಂದ ಬರವಣಿಗೆಯಲ್ಲಿ ಇರಬೇಕಿಲ್ಲ. ಬಾಯಿಮಾತಿನ ಅಥವಾ ರೂಢಿಯಿಂದ ತಿಳಿಯಬಹುದಾದ ಒಪ್ಪಂದವೂ ಸಾಕು. ಗಾರೆ ಕೆಲಸದವರು, ಬಡಗಿಗಳು, ಕಂಬಿ ಕಟ್ಟುವವರು, ಸೆಂಟ್ರಿಂಗ್ ಕೆಲಸದವರು, ಪ್ಲಂಬರ್‌ಗಳು, ಎಲೆಕ್ಟ್ರಿಷಿಯನ್‌ಗಳು, ಬಣ್ಣ ಬಳಿಯುವವರು, ಜಲ್ಲಿ ಮರಳು ಹೊರುವ ಮಹಿಳೆಯರು ಇವರೆಲ್ಲರೂ ಈ ವ್ಯಾಖ್ಯಾನಕ್ಕೆ ಒಳಪಡುತ್ತಾರೆ.

ಮುಖ್ಯವಾಗಿ ಆಡಳಿತ ಅಥವಾ ವ್ಯವಸ್ಥಾಪನೆಯ ಕೆಲಸದಲ್ಲಿರುವವರು ಕಾರ್ಮಿಕರಲ್ಲ. ಮೇಲ್ವಿಚಾರಕರಲ್ಲಿ ತಿಂಗಳಿಗೆ 1,600 ರೂಪಾಯಿಗಿಂತ ಹೆಚ್ಚು ವೇತನ ಪಡೆಯುವವರನ್ನೂ 1996ರ ಕಾಯಿದೆ ಹೊರಗಿಟ್ಟಿತ್ತು. ವೇತನಗಳು ಏರಿದರೂ ಈ ಮೊತ್ತ ಹಾಗೆಯೇ ಉಳಿದದ್ದರಿಂದ, ಸಂಬಳದ ಮೇಲಿರುವ ಮೇಸ್ತ್ರಿಗಳ ಸ್ಥಾನ ಅನಿಶ್ಚಿತವಾಯಿತು.

### ಸಂಸ್ಥೆ ಮತ್ತು ಮಾಲೀಕ

ಕಟ್ಟಡ ಕಾರ್ಮಿಕರನ್ನು ಕೆಲಸಕ್ಕಿಟ್ಟುಕೊಂಡ ಸರ್ಕಾರ, ಕಂಪನಿ, ಪಾಲುದಾರಿಕೆ, ವ್ಯಕ್ತಿ ಅಥವಾ ಗುತ್ತಿಗೆದಾರ ಇವರೆಲ್ಲರ ನಿರ್ಮಾಣ ಘಟಕವೂ 'ಸಂಸ್ಥೆ'. ಹಿಂದಿನ ಹನ್ನೆರಡು ತಿಂಗಳುಗಳಲ್ಲಿ ಯಾವುದಾದರೂ ಒಂದು ದಿನ 10 ಅಥವಾ ಹೆಚ್ಚು ಕಟ್ಟಡ ಕಾರ್ಮಿಕರು ಕೆಲಸ ಮಾಡಿದ್ದ ಸಂಸ್ಥೆಗೆ 1996ರ ಕಾಯಿದೆ ಅನ್ವಯಿಸುತ್ತಿತ್ತು. ಇದಕ್ಕೆ ಒಂದು ವಿನಾಯಿತಿ ಇತ್ತು. ತನ್ನ ಸ್ವಂತ ವಾಸಕ್ಕಾಗಿ ಒಟ್ಟು 10 ಲಕ್ಷ ರೂಪಾಯಿ ಮೀರದ ವೆಚ್ಚದಲ್ಲಿ ಮನೆ ಕಟ್ಟಿಸುವ ವ್ಯಕ್ತಿ 'ಸಂಸ್ಥೆ' ಆಗಿರಲಿಲ್ಲ.

'ಮಾಲೀಕ' ಎಂಬ ಪದಕ್ಕೆ ಕೆಲಸ ನಡೆಯುವ ಬಗೆಯನ್ನು ಅನುಸರಿಸಿ ಅರ್ಥ ಬದಲಾಗುತ್ತದೆ. ಸರ್ಕಾರಿ ಇಲಾಖೆ ಗುತ್ತಿಗೆದಾರನಿಲ್ಲದೆ ನೇರವಾಗಿ ಕೆಲಸ ಮಾಡಿಸಿದರೆ ನಿರ್ದಿಷ್ಟಪಡಿಸಿದ ಪ್ರಾಧಿಕಾರ ಅಥವಾ ಇಲಾಖೆಯ ಮುಖ್ಯಸ್ಥ ಮಾಲೀಕ. ಸ್ಥಳೀಯ ಸಂಸ್ಥೆ ನೇರವಾಗಿ ಮಾಡಿಸಿದರೆ ಅದರ ಮುಖ್ಯ ಕಾರ್ಯನಿರ್ವಾಹಕ ಅಧಿಕಾರಿ ಮಾಲೀಕ. ಗುತ್ತಿಗೆದಾರನ ಮೂಲಕ ಅಥವಾ ಅವನು ಒದಗಿಸಿದ ಕಾರ್ಮಿಕರಿಂದ ಕೆಲಸ ನಡೆದರೆ ಗುತ್ತಿಗೆದಾರನೂ ಮಾಲೀಕನೆನಿಸುತ್ತಾನೆ.

ಮಾಲೀಕನೆನಿಸಿದವನ ಮೇಲೆ ಬೀಳುವ ಹೊಣೆಗಳು ಹಲವು. ಸಂಸ್ಥೆಯನ್ನು 60 ದಿನಗಳೊಳಗೆ ನೋಂದಾಯಿಸಬೇಕು. ಕೆಲಸ ಆರಂಭಿಸುವ 30 ದಿನ ಮೊದಲು ಸೂಚನೆ ಕೊಡಬೇಕು. ಹೆಚ್ಚುವರಿ ಅವಧಿಯ ಕೆಲಸಕ್ಕೆ ಎರಡರಷ್ಟು ಕೂಲಿ ಕೊಡಬೇಕು. 1996ರ ಕಾಯಿದೆಯಂತೆ 50ಕ್ಕಿಂತ ಹೆಚ್ಚು ಮಹಿಳಾ ಕಾರ್ಮಿಕರಿದ್ದರೆ ಶಿಶುಪಾಲನಾ ಕೊಠಡಿ ಒದಗಿಸಬೇಕಿತ್ತು. 34ನೆಯ ಪ್ರಕರಣದ ಪ್ರಕಾರ, ಕೆಲಸ ನಡೆಯುವಷ್ಟು ಕಾಲ ಕಾರ್ಮಿಕರಿಗೆ ಕೆಲಸದ ಸ್ಥಳದಲ್ಲಿ ಅಥವಾ ಸಮೀಪದಲ್ಲಿ ಉಚಿತ ತಾತ್ಕಾಲಿಕ ವಸತಿಯನ್ನು, ಅಡುಗೆ, ಸ್ನಾನ, ಶೌಚಗಳ ಪ್ರತ್ಯೇಕ ಅನುಕೂಲದೊಡನೆ, ಕಲ್ಪಿಸಬೇಕು. ಬೇರೆಯವರ ಮನೆ ಕಟ್ಟುವವರ ಸ್ವಂತ ವಾಸದ ಬಗ್ಗೆ ಈ ಕಾಯಿದೆಯಲ್ಲಿ ಇರುವ ನೇರ ಹಕ್ಕು ಇದೇ.

### ಫಲಾನುಭವಿ

ಕಾರ್ಮಿಕನಾಗಿರುವುದು ಬೇರೆ, ಕಲ್ಯಾಣ ಮಂಡಳಿಯ 'ಫಲಾನುಭವಿ'ಯಾಗುವುದು ಬೇರೆ. ಫಲಾನುಭವಿಯಾಗಲು 18ರಿಂದ 60 ವರ್ಷದೊಳಗಿನ ವಯಸ್ಸಿರಬೇಕು. ಹಿಂದಿನ ಹನ್ನೆರಡು ತಿಂಗಳುಗಳಲ್ಲಿ ಕನಿಷ್ಠ 90 ದಿನ ನಿರ್ಮಾಣ ಕೆಲಸ ಮಾಡಿರಬೇಕು. ಅರ್ಜಿ ಸಲ್ಲಿಸಿ ನೋಂದಾಯಿಸಿಕೊಂಡಿರಬೇಕು. ಕೆಲಸದ ವೇಳೆ ಅಪಘಾತದಿಂದ ಗಾಯಗೊಂಡು ಕೆಲಸ ತಪ್ಪಿದ ದಿನಗಳನ್ನು ಈ ಲೆಕ್ಕದಲ್ಲಿ ಅವನ ವಿರುದ್ಧ ಎಣಿಸುವಂತಿಲ್ಲ.

ಕರ್ನಾಟಕದಲ್ಲಿ 90 ದಿನದ ಕೆಲಸಕ್ಕೆ ಉದ್ಯೋಗ ದೃಢೀಕರಣ ಪತ್ರ ಬೇಕು. ಮನೆಯ ಮಾಲೀಕ ಅಥವಾ ಗುತ್ತಿಗೆದಾರ, ನೋಂದಾಯಿತ ಕಾರ್ಮಿಕ ಸಂಘ, ಕಾರ್ಮಿಕ ಇಲಾಖೆಯ ಅಧಿಕಾರಿ ಅಥವಾ ಪಂಚಾಯತಿ ಅಭಿವೃದ್ಧಿ ಅಧಿಕಾರಿಯಿಂದ ಇದನ್ನು ಪಡೆಯುವ ವ್ಯವಸ್ಥೆಯಿದೆ. ಇಡೀ ವ್ಯವಸ್ಥೆಯಲ್ಲಿ ಅತ್ಯಂತ ಸೂಕ್ಷ್ಮವಾದ ಹಂತ ಇದು. ನಿರ್ಮಾಣ ಕೆಲಸವನ್ನೇ ಮಾಡದವರು ಕಾರ್ಡು ಪಡೆದಿದ್ದಾರೆಂಬ ದೂರುಗಳೂ, ನಿಜವಾದ ಕಾರ್ಮಿಕರು ದೃಢೀಕರಣ ಸಿಗದೆ ಹೊರಗುಳಿಯುವ ಸಮಸ್ಯೆಯೂ ಇಲ್ಲಿಂದಲೇ ಹುಟ್ಟುತ್ತವೆ.

ನೋಂದಾಯಿತರಿಗೆ ಪಿಂಚಣಿ, ಅಪಘಾತ ಪರಿಹಾರ, ವೈದ್ಯಕೀಯ ನೆರವು, ಹೆರಿಗೆ ಸೌಲಭ್ಯ, ಮಕ್ಕಳ ಶಿಕ್ಷಣಕ್ಕೆ ಸಹಾಯ ಮೊದಲಾದವು ದೊರೆಯುತ್ತವೆ. ಮನೆ ಕಟ್ಟಲು ಸಾಲ ಮತ್ತು ಮುಂಗಡ ನೀಡುವುದೂ ಕಾಯಿದೆಯ 22ನೆಯ ಪ್ರಕರಣದಂತೆ ಮಂಡಳಿಯ ಕಾರ್ಯಗಳಲ್ಲೊಂದು. ಕರ್ನಾಟಕದಲ್ಲಿ ಇದಕ್ಕೆ 'ಕಾರ್ಮಿಕ ಗೃಹ ಭಾಗ್ಯ' ಎಂಬ ಹೆಸರು ಕೊಡಲಾಗಿದೆ.

### ಸೆಸ್ ಮತ್ತು ನಿರ್ಮಾಣ ವೆಚ್ಚ

ಸೆಸ್ ಕಾಯಿದೆಯು ನಿರ್ಮಾಣ ವೆಚ್ಚದ ಮೇಲೆ ಶೇ. 1ಕ್ಕಿಂತ ಕಡಿಮೆಯಿಲ್ಲದ, ಶೇ. 2ನ್ನು ಮೀರದ ದರಕ್ಕೆ ಅವಕಾಶ ಕೊಟ್ಟಿತು. ಅಧಿಸೂಚಿತ ದರ ಶೇ. 1. 1998ರ ಸೆಸ್ ನಿಯಮಗಳಂತೆ ಜಮೀನಿನ ಬೆಲೆಯನ್ನೂ ಕಾರ್ಮಿಕರ ಪರಿಹಾರ ಕಾಯಿದೆಯಡಿ ಕೊಟ್ಟ ಪರಿಹಾರವನ್ನೂ ಬಿಟ್ಟು ಉಳಿದೆಲ್ಲ ಖರ್ಚೂ 'ನಿರ್ಮಾಣ ವೆಚ್ಚ'. ಸ್ಥಳೀಯ ಸಂಸ್ಥೆಯ ಅನುಮೋದನೆ ಬೇಕಾದ ಕಟ್ಟಡಗಳಿಗೆ ನಕ್ಷೆಯ ಅನುಮೋದನೆಯ ವೇಳೆಯಲ್ಲಿಯೇ ಸೆಸ್ಸನ್ನು ಮುಂಗಡವಾಗಿ ಪಡೆಯಲಾಗುತ್ತದೆ. ಇದು ತೆರಿಗೆಯಲ್ಲ, ನಿರ್ದಿಷ್ಟ ಉದ್ದೇಶದ ಶುಲ್ಕ ಎಂದು ಸರ್ವೋಚ್ಚ ನ್ಯಾಯಾಲಯವು 2011ರ ದಿವಾನ್ ಚಂದ್ ಬಿಲ್ಡರ್ಸ್ ಪ್ರಕರಣದಲ್ಲಿ ಹೇಳಿತು. ಆದ್ದರಿಂದ ಈ ಹಣವನ್ನು ಕಾರ್ಮಿಕರ ಕಲ್ಯಾಣಕ್ಕೇ ಬಳಸಬೇಕು.

ಬಳಕೆ ಮಾತ್ರ ನಿರೀಕ್ಷೆಯಂತೆ ಆಗಲಿಲ್ಲ. ಕಟ್ಟಡ ಕಾರ್ಮಿಕರ ಕೇಂದ್ರ ಕಾನೂನಿಗಾಗಿನ ರಾಷ್ಟ್ರೀಯ ಅಭಿಯಾನ ಸಮಿತಿಯು ಹೂಡಿದ್ದ ಅರ್ಜಿಯ ಮೇಲೆ 2018ರ ಮಾರ್ಚ್ 19ರಂದು ಬಂದ ತೀರ್ಪಿನಲ್ಲಿ, ದೇಶದಾದ್ಯಂತ ಸುಮಾರು 37,400 ಕೋಟಿ ರೂಪಾಯಿ ಸಂಗ್ರಹವಾಗಿದ್ದರೂ ಸುಮಾರು 9,500 ಕೋಟಿ ರೂಪಾಯಿ ಮಾತ್ರ ಕಾರ್ಮಿಕರಿಗಾಗಿ ಬಳಕೆಯಾಗಿರುವುದನ್ನು ಸರ್ವೋಚ್ಚ ನ್ಯಾಯಾಲಯ ತೀವ್ರವಾಗಿ ಟೀಕಿಸಿತು. ಸಂಸ್ಥೆಗಳ ಮತ್ತು ಕಾರ್ಮಿಕರ ನೋಂದಣಿಯನ್ನು ಬಲಪಡಿಸುವಂತೆ ನಿರ್ದೇಶಿಸಿತು.

## ವಸತಿಗೆ ಸಂಬಂಧಿಸಿದ ವ್ಯಾಖ್ಯಾನಗಳು

### ಯೋಜನೆಗಳು ಮತ್ತು ಸಂಸ್ಥೆಗಳು

ಕರ್ನಾಟಕದಲ್ಲಿ 1962ರ ಕಾಯಿದೆಯಂತೆ ರಚಿತವಾದ ಕರ್ನಾಟಕ ಗೃಹ ಮಂಡಳಿ, 1973ರ ಕೊಳಚೆ ಪ್ರದೇಶಗಳ ಕಾಯಿದೆಯಡಿ ಬಂದ ಕೊಳಗೇರಿ ಅಭಿವೃದ್ಧಿ ಮಂಡಳಿ ಮತ್ತು 2000ದಲ್ಲಿ ಸ್ಥಾಪಿತವಾದ ರಾಜೀವ್ ಗಾಂಧಿ ಗ್ರಾಮೀಣ ವಸತಿ ನಿಗಮ ವಸತಿ ಕ್ಷೇತ್ರದ ಮುಖ್ಯ ಸಂಸ್ಥೆಗಳು. ಬಸವ ವಸತಿ, ಡಾ. ಬಿ. ಆರ್. ಅಂಬೇಡ್ಕರ್ ನಿವಾಸ್, ದೇವರಾಜ ಅರಸು ವಸತಿ ಮತ್ತು ವಾಜಪೇಯಿ ನಗರ ವಸತಿ ರಾಜ್ಯದ ಪ್ರಮುಖ ಯೋಜನೆಗಳು. ನಗರ ಪ್ರದೇಶದ ಪ್ರಧಾನಮಂತ್ರಿ ಆವಾಸ್ ಯೋಜನೆ 2015ರ ಜೂನ್ 25ರಂದು ಆರಂಭವಾಯಿತು. ಗ್ರಾಮೀಣ ಯೋಜನೆ 2016ರಲ್ಲಿ ಬಂದಿತು. ನಗರ ಯೋಜನೆಯ ಎರಡನೆಯ ಆವೃತ್ತಿ 2024ರ ಸೆಪ್ಟೆಂಬರ್ 1ರಿಂದ ಜಾರಿಯಲ್ಲಿದೆ.

### ಆರ್ಥಿಕವಾಗಿ ದುರ್ಬಲ ವರ್ಗ

ನಗರ ಯೋಜನೆಯಲ್ಲಿ ವಾರ್ಷಿಕ ಆದಾಯ 3 ಲಕ್ಷ ರೂಪಾಯಿವರೆಗಿನ ಕುಟುಂಬ 'ಆರ್ಥಿಕವಾಗಿ ದುರ್ಬಲ ವರ್ಗ', 3ರಿಂದ 6 ಲಕ್ಷದವರೆಗಿನದು 'ಕಡಿಮೆ ಆದಾಯದ ವರ್ಗ'. ದಿನಗೂಲಿಯವರ ಆದಾಯ ವರ್ಷವಿಡೀ ಒಂದೇ ಸಮನಾಗಿರುವುದಿಲ್ಲ. ಕರಾವಳಿಯಲ್ಲಿ ಮಳೆಗಾಲದ ತಿಂಗಳುಗಳಲ್ಲಿ ಹೊರಗಿನ ನಿರ್ಮಾಣ ಕೆಲಸ ಬಹುಮಟ್ಟಿಗೆ ನಿಲ್ಲುತ್ತದೆ. ಆದ್ದರಿಂದ ಒಂದು ದಿನದ ಕೂಲಿಯನ್ನು 365ರಿಂದ ಗುಣಿಸಿ ವಾರ್ಷಿಕ ಆದಾಯ ಕಂಡುಹಿಡಿದರೆ ಅದು ತಪ್ಪು ಲೆಕ್ಕವಾಗುತ್ತದೆ.

### ಕುಟುಂಬ ಮತ್ತು ಪಕ್ಕಾ ಮನೆ

2015ರ ಮಾರ್ಗಸೂಚಿಯಂತೆ ಗಂಡ, ಹೆಂಡತಿ ಮತ್ತು ಅವಿವಾಹಿತ ಮಕ್ಕಳು ಸೇರಿ 'ಫಲಾನುಭವಿ ಕುಟುಂಬ'. ಕುಟುಂಬದ ಯಾರ ಹೆಸರಿನಲ್ಲಿಯೂ ಭಾರತದ ಯಾವ ಭಾಗದಲ್ಲಿಯೂ ಪಕ್ಕಾ ಮನೆ ಇರಬಾರದು. ದುಡಿಮೆಗಾಗಿ ಊರು ಬಿಟ್ಟು ಬಂದ ಕಾರ್ಮಿಕನ ಹೆಸರಿನಲ್ಲಿ ಹುಟ್ಟೂರಿನಲ್ಲಿ ಪಕ್ಕಾ ಮನೆಯಿದ್ದರೆ, ಅವನು ನಗರದಲ್ಲಿ ತಗಡಿನ ಗುಡಿಸಲಿನಲ್ಲಿದ್ದರೂ ಮನೆಯುಳ್ಳವನೆಂದೇ ಪರಿಗಣಿತನಾಗುತ್ತಾನೆ. ಸಹಾಯಧನದ ಮನೆಯನ್ನು ಮನೆಯ ಮಹಿಳೆಯ ಹೆಸರಿನಲ್ಲಿ ಅಥವಾ ಜಂಟಿಯಾಗಿ ನೋಂದಾಯಿಸುವುದಕ್ಕೆ ಆದ್ಯತೆಯಿದೆ.

### ಕೈಗೆಟಕುವ ವಸತಿ ಯೋಜನೆ ಮತ್ತು ಕಾರ್ಪೆಟ್ ವಿಸ್ತೀರ್ಣ

2015ರ ನಗರ ಯೋಜನೆಯಲ್ಲಿ, ಪಾಲುದಾರಿಕೆಯಲ್ಲಿ ಕಟ್ಟುವ ವಸತಿ ಸಮುಚ್ಚಯಕ್ಕೆ ಕೇಂದ್ರದ ನೆರವು ಸಿಗಬೇಕಾದರೆ ಕನಿಷ್ಠ 250 ಮನೆಗಳಿರಬೇಕು ಮತ್ತು ಅವುಗಳಲ್ಲಿ ಶೇ. 35ರಷ್ಟು ದುರ್ಬಲ ವರ್ಗಕ್ಕೆ ಮೀಸಲಿರಬೇಕು. ಅಂತಹ ಪ್ರತಿ ಮನೆಗೆ ಕೇಂದ್ರದ ನೆರವು 1.5 ಲಕ್ಷ ರೂಪಾಯಿ. ದುರ್ಬಲ ವರ್ಗದ ಮನೆಯ ಕಾರ್ಪೆಟ್ ವಿಸ್ತೀರ್ಣ 30 ಚದರ ಮೀಟರ್‌ವರೆಗೆ ಇರಬಹುದೆಂದು ಗೊತ್ತುಪಡಿಸಲಾಗಿತ್ತು. ಗ್ರಾಮೀಣ ಯೋಜನೆಯಲ್ಲಿ ಅಡುಗೆಯ ಜಾಗವೂ ಸೇರಿ ಕನಿಷ್ಠ 25 ಚದರ ಮೀಟರ್ ಇರಬೇಕು. ಬಯಲು ಪ್ರದೇಶದಲ್ಲಿ ಪ್ರತಿ ಮನೆಗೆ ನೆರವು 1.20 ಲಕ್ಷ ರೂಪಾಯಿ.

'ಕಾರ್ಪೆಟ್ ವಿಸ್ತೀರ್ಣ'ವನ್ನು 2016ರ ರಿಯಲ್ ಎಸ್ಟೇಟ್ ಕಾಯಿದೆ ವ್ಯಾಖ್ಯಾನಿಸಿದೆ. ಹೊರಗೋಡೆಗಳು, ಬಾಲ್ಕನಿ, ಜಗಲಿ, ತೆರೆದ ತಾರಸಿ ಇವುಗಳನ್ನು ಬಿಟ್ಟು, ಒಳಗಿನ ಅಡ್ಡಗೋಡೆಗಳನ್ನು ಸೇರಿಸಿ ಉಳಿಯುವ ಬಳಕೆಯ ನೆಲವೇ ಅದು. ಅದೇ ಕಾಯಿದೆಯ ಪ್ರಕಾರ 'ಪ್ರವರ್ತಕ'ರೆಂದರೆ ಖಾಸಗಿ ಬಿಲ್ಡರ್‌ಗಳಷ್ಟೇ ಅಲ್ಲ. ಮನೆ ಕಟ್ಟಿ ಹಂಚುವ ಅಭಿವೃದ್ಧಿ ಪ್ರಾಧಿಕಾರ ಮತ್ತು ಸಾರ್ವಜನಿಕ ಸಂಸ್ಥೆಗಳೂ ಆ ಪದಕ್ಕೆ ಒಳಪಡುತ್ತವೆ.

## ಸ್ಥಳದೊಂದಿಗೆ ಬದಲಾಗುವ ಅನ್ವಯ: ಕಿರಿಮಂಜೇಶ್ವರದ ನಿದರ್ಶನ

ಉಡುಪಿ ಜಿಲ್ಲೆಯ ಬೈಂದೂರು ತಾಲೂಕಿನ ಕಿರಿಮಂಜೇಶ್ವರವು ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಕುಂದಾಪುರ ಮತ್ತು ಬೈಂದೂರುಗಳ ನಡುವೆ ಇರುವ ಗ್ರಾಮ. ಇಲ್ಲಿನ ಸ್ಥಳೀಯ ಆಡಳಿತ ಗ್ರಾಮ ಪಂಚಾಯತಿಯದು. ಹೆದ್ದಾರಿಯ ಉತ್ತರಕ್ಕೆ ಬೈಂದೂರಿನಲ್ಲಿ ಪಟ್ಟಣ ಪಂಚಾಯತಿಯೂ ದಕ್ಷಿಣಕ್ಕೆ ಕುಂದಾಪುರದಲ್ಲಿ ಪುರಸಭೆಯೂ ಇವೆ. ಹೀಗಾಗಿ ಒಬ್ಬನೇ ಗಾರೆ ಕೆಲಸದವನು ಒಂದು ವರ್ಷದಲ್ಲಿ ಬೇರೆ ಬೇರೆ ವ್ಯಾಖ್ಯಾನಗಳ ಅಡಿಯಲ್ಲಿ ದುಡಿಯುವುದು ಸಾಧ್ಯ. 1996ರ ಕಾಯಿದೆಗಳ ಪ್ರಕಾರ ಮೂರು ಸನ್ನಿವೇಶಗಳನ್ನು ಹೀಗೆ ವಿವರಿಸಬಹುದು:

* ಗ್ರಾಮೀಣ ಯೋಜನೆಯ ಮನೆ: ಕಿರಿಮಂಜೇಶ್ವರದ ಕುಟುಂಬವೊಂದು ಗ್ರಾಮೀಣ ಆವಾಸ್ ಯೋಜನೆಯಲ್ಲಿ ಮನೆ ಕಟ್ಟಿದರೆ, ಯೋಜನೆಯ ಚೌಕಟ್ಟಿನಂತೆ ರಾಜ್ಯವು ಗುತ್ತಿಗೆದಾರನನ್ನು ನೇಮಿಸುವಂತಿಲ್ಲ, ಫಲಾನುಭವಿಯೇ ಕಟ್ಟಬೇಕು ಅಥವಾ ಕಟ್ಟಿಸಬೇಕು. ವೆಚ್ಚ 10 ಲಕ್ಷ ರೂಪಾಯಿಯ ಒಳಗಿದ್ದರೆ ಆ ಕುಟುಂಬ 'ಸಂಸ್ಥೆ' ಅಲ್ಲ. ಸೆಸ್ ಇಲ್ಲ, ನೋಂದಣಿಯ ಹೊಣೆಯೂ ಇಲ್ಲ.
* ಸ್ವಂತ ಖರ್ಚಿನ ದೊಡ್ಡ ಮನೆ: ಕುಂದಾಪುರದಲ್ಲಿ ಒಬ್ಬರು 25 ಲಕ್ಷ ರೂಪಾಯಿಯ ಮನೆ ಕಟ್ಟಿಸಿ, ಒಂದು ದಿನವಾದರೂ ಹತ್ತು ಜನ ಕೆಲಸ ಮಾಡಿದರೆ ವಿನಾಯಿತಿ ಇಲ್ಲ. ಸೆಸ್ 25,000 ರೂಪಾಯಿ ಆಗುತ್ತದೆ.
* ಗುತ್ತಿಗೆದಾರನ ಮೂಲಕ ಸರ್ಕಾರಿ ವಸತಿ ಸಮುಚ್ಚಯ: ಪಟ್ಟಣದಲ್ಲಿ ಗೃಹ ಮಂಡಳಿ ಅಥವಾ ಕೊಳಗೇರಿ ಮಂಡಳಿ ಗುತ್ತಿಗೆಗೆ ಕೊಟ್ಟ ಕೆಲಸದಲ್ಲಿ ಗುತ್ತಿಗೆದಾರ ಮಾಲೀಕನೆನಿಸುತ್ತಾನೆ. ಮನೆಗಳು ಬಡವರಿಗಾಗಿಯೇ ಆದರೂ ಸೆಸ್, ಸುರಕ್ಷತೆ, ತಾತ್ಕಾಲಿಕ ವಸತಿ ಎಲ್ಲ ನಿಯಮಗಳೂ ಪೂರ್ಣವಾಗಿ ಅನ್ವಯಿಸುತ್ತವೆ.

ಮೂರೂ ಕಡೆ ಕಲ್ಲು, ಸಿಮೆಂಟು, ದುಡಿಮೆ, ಬೀಳುವ ಅಪಾಯ ಒಂದೇ. ಆದರೆ ಮೊದಲನೆಯ ಸ್ಥಳದಲ್ಲಿ ಸಾರವೆಯಿಂದ ಬಿದ್ದವನಿಗೆ ಕಾಯಿದೆಯ ಅರ್ಥದಲ್ಲಿ ಹೊಣೆಗಾರ ಮಾಲೀಕನಿಲ್ಲ. ಮಂಡಳಿಯಲ್ಲಿ ಮೊದಲೇ ನೋಂದಾಯಿಸಿಕೊಂಡಿದ್ದರೆ ಮಾತ್ರ ಮಂಡಳಿಯ ಅಪಘಾತ ಪರಿಹಾರವನ್ನು ಕೇಳಬಹುದು. ಸಣ್ಣ ಮನೆಗಳಲ್ಲಿ ದುಡಿಯುವವರಿಗೆ ವೈಯಕ್ತಿಕ ನೋಂದಣಿ ಹೆಚ್ಚು ಮುಖ್ಯವಾಗುವುದು ಈ ಕಾರಣದಿಂದ.

## ವಲಸೆ ಕಾರ್ಮಿಕ

1979ರ ಅಂತರರಾಜ್ಯ ವಲಸೆ ಕಾರ್ಮಿಕರ ಕಾಯಿದೆಯಂತೆ ಗುತ್ತಿಗೆದಾರನ ಮೂಲಕ ಒಂದು ರಾಜ್ಯದಲ್ಲಿ ನೇಮಕಗೊಂಡು ಇನ್ನೊಂದು ರಾಜ್ಯದಲ್ಲಿ ದುಡಿಯುವವನು ಮಾತ್ರ 'ವಲಸೆ ಕಾರ್ಮಿಕ'. ಕರಾವಳಿಯ ಕಟ್ಟಡ ಕೆಲಸಗಳಿಗೆ ಬಾಗಲಕೋಟೆ, ಗದಗ, ಕೊಪ್ಪಳ ಮೊದಲಾದ ಉತ್ತರ ಕರ್ನಾಟಕದ ಜಿಲ್ಲೆಗಳಿಂದ ಬರುವವರು ನೂರಾರು ಕಿಲೋಮೀಟರ್ ದಾಟಿ ಬಂದಿದ್ದರೂ ರಾಜ್ಯದ ಗಡಿ ದಾಟದ ಕಾರಣ ಈ ಪದಕ್ಕೆ ಒಳಪಡುವುದಿಲ್ಲ. ಸ್ವಂತವಾಗಿ ರೈಲು ಹತ್ತಿ ಬಂದ ಒಡಿಶಾ ಅಥವಾ ಬಿಹಾರದವರೂ ಗುತ್ತಿಗೆದಾರನ ಮೂಲಕ ಬಾರದ ಕಾರಣ ಹೊರಗುಳಿಯುತ್ತಿದ್ದರು. 2020ರ ಸಂಹಿತೆಯು ಸ್ವಂತವಾಗಿ ಬಂದವರನ್ನೂ ತಿಂಗಳಿಗೆ 18,000 ರೂಪಾಯಿಯ ವೇತನದ ಮಿತಿಯೊಳಗೆ ಸೇರಿಸಿಕೊಂಡಿದೆ. ಆದರೆ ರಾಜ್ಯದ ಒಳಗಿನ ವಲಸೆ ಅದರಲ್ಲಿಯೂ ಸೇರಿಲ್ಲ.

## 2020ರ ಸಂಹಿತೆಗಳಿಂದಾದ ಬದಲಾವಣೆ

ಸಾಮಾಜಿಕ ಭದ್ರತಾ ಸಂಹಿತೆ ಹಾಗೂ ಔದ್ಯೋಗಿಕ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಪರಿಸ್ಥಿತಿಗಳ ಸಂಹಿತೆ 2025ರ ನವೆಂಬರ್ 21ರಂದು ಜಾರಿಗೆ ಬಂದವು. 1996ರ ಕಾಯಿದೆಗಳ ವಿಷಯಗಳು ಇವುಗಳಲ್ಲಿ ಸೇರಿಹೋಗಿವೆ. ಸಂಹಿತೆಗೆ ವಿರುದ್ಧವಲ್ಲದ ಹಳೆಯ ನಿಯಮಗಳು ಮುಂದುವರಿಯಲು ಅವಕಾಶವಿದೆ. 18ರಿಂದ 60ರ ವಯೋಮಿತಿ, 90 ದಿನದ ಷರತ್ತು, ಕಲ್ಯಾಣ ಮಂಡಳಿ ಮತ್ತು ಸೆಸ್ ವ್ಯವಸ್ಥೆ ಉಳಿದಿವೆ.

ಬದಲಾವಣೆಗಳಲ್ಲಿ ಎರಡು ಮುಖ್ಯವಾದವು. ಸ್ವಂತ ವಾಸದ ಮನೆಗೆ ಇದ್ದ 10 ಲಕ್ಷ ರೂಪಾಯಿಯ ಮಿತಿ 50 ಲಕ್ಷ ರೂಪಾಯಿಗೆ ಏರಿದೆ. ಮೇಲಿನ ಎರಡನೆಯ ಸನ್ನಿವೇಶದ 25 ಲಕ್ಷ ರೂಪಾಯಿಯ ಮನೆ ಹೊಸ ಮಿತಿಯೊಳಗೆ ಬರುತ್ತದೆ. ಗ್ರಾಮಗಳಲ್ಲಿ ಮತ್ತು ಸಣ್ಣ ಪಟ್ಟಣಗಳಲ್ಲಿ ಬಹುಪಾಲು ಸ್ವಂತ ಮನೆಗಳು ಈ ಮೊತ್ತದೊಳಗೇ ಮುಗಿಯುವುದರಿಂದ ನಿಧಿಗೆ ಅವುಗಳಿಂದ ಬರುವ ಪಾಲು ಕಡಿಮೆಯಾಗುತ್ತದೆ.

ಎರಡನೆಯದು ವಿನಾಯಿತಿಯ ಸ್ಥಾನಪಲ್ಲಟ. 1996ರಲ್ಲಿ ಈ ವಿನಾಯಿತಿ 'ಸಂಸ್ಥೆ' ಎಂಬ ಪದದ ವ್ಯಾಖ್ಯಾನದಲ್ಲಿತ್ತು. ಅಂದರೆ ಮನೆ ಕಟ್ಟಿಸುವವನಿಗೆ ಹೊಣೆಯಿರಲಿಲ್ಲ, ಕೆಲಸ ಮಾತ್ರ ನಿರ್ಮಾಣ ಕೆಲಸವೇ ಆಗಿತ್ತು. ಸಂಹಿತೆಗಳಲ್ಲಿ ಅದು 'ಕಟ್ಟಡ ಅಥವಾ ಇತರೆ ನಿರ್ಮಾಣ ಕೆಲಸ' ಎಂಬ ಪದದ ವ್ಯಾಖ್ಯಾನಕ್ಕೇ ಬಂದಿದೆ. ಇದನ್ನು ಅಕ್ಷರಶಃ ಓದಿದರೆ, ವರ್ಷವಿಡೀ ಇಂತಹ ಮನೆಗಳಲ್ಲೇ ದುಡಿದವನ ದಿನಗಳು 90 ದಿನದ ಲೆಕ್ಕಕ್ಕೆ ಬರುತ್ತವೆಯೇ ಎಂಬ ಪ್ರಶ್ನೆ ಏಳುತ್ತದೆ. ಬಾರದಿದ್ದರೆ ಅವನು ಸಂಹಿತೆಯ 'ಅಸಂಘಟಿತ ಕಾರ್ಮಿಕ' ಎಂಬ ವ್ಯಾಖ್ಯಾನದಡಿ ಬರಬಹುದು. ಆದರೆ ಸೆಸ್ ನಿಧಿಯ ಸೌಲಭ್ಯಗಳು ಕಟ್ಟಡ ಕಾರ್ಮಿಕರಿಗಾಗಿ ಮಾತ್ರ ಇರುವಂಥವು.

## ಇತರ ದೇಶಗಳೊಂದಿಗೆ ಹೋಲಿಕೆ

ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ 1931ರ ಡೇವಿಸ್–ಬೇಕನ್ ಕಾಯಿದೆಯು ಕೇಂದ್ರ ಸರ್ಕಾರದ ನಿರ್ಮಾಣ ಗುತ್ತಿಗೆಗಳಲ್ಲಿ ಆಯಾ ಪ್ರದೇಶದ ಪ್ರಚಲಿತ ಕೂಲಿಯನ್ನು ಕೊಡಬೇಕೆಂದು ವಿಧಿಸುತ್ತದೆ. ಸಹಾಯಧನದ ಹಲವು ವಸತಿ ಯೋಜನೆಗಳಿಗೂ ಇದು ವಿಸ್ತರಿಸಿದೆ. 'ಹೋಮ್' ಎಂಬ ಯೋಜನೆಯಲ್ಲಿ 12 ಅಥವಾ ಹೆಚ್ಚು ಮನೆಗಳಿಗೆ ನೆರವು ದೊರೆತರೆ ಈ ಷರತ್ತು ಅನ್ವಯಿಸುತ್ತದೆ. ಅಂದರೆ ಅಲ್ಲಿ ಸಹಾಯಧನದ ಜೊತೆಯಲ್ಲಿಯೇ ಕಾರ್ಮಿಕನ ಕೂಲಿಯ ಷರತ್ತು ಬರುತ್ತದೆ. ಭಾರತದಲ್ಲಿ ಮನೆಯ ಸಹಾಯಧನಕ್ಕೂ ಕೂಲಿಗೂ ಅಂತಹ ಕೊಂಡಿಯಿಲ್ಲ. ಸರ್ಕಾರ ಪ್ರಕಟಿಸುವ ಕನಿಷ್ಠ ವೇತನವೇ ನಿರ್ಮಾಣ ಕೆಲಸಕ್ಕೂ ಆಧಾರ. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯು ನಿರ್ಮಾಣ ಕ್ಷೇತ್ರದ ಸುರಕ್ಷತೆ ಮತ್ತು ಆರೋಗ್ಯದ ಬಗ್ಗೆ 1988ರಲ್ಲಿ 167ನೆಯ ಒಡಂಬಡಿಕೆಯನ್ನು ಅಂಗೀಕರಿಸಿದೆ.

## ಇವನ್ನೂ ನೋಡಿ

* ಕರ್ನಾಟಕ ಕಟ್ಟಡ ಮತ್ತು ಇತರೆ ನಿರ್ಮಾಣ ಕಾರ್ಮಿಕರ ಕಲ್ಯಾಣ ಮಂಡಳಿ
* ಪ್ರಧಾನಮಂತ್ರಿ ಆವಾಸ್ ಯೋಜನೆ
* ಕರ್ನಾಟಕ ಗೃಹ ಮಂಡಳಿ
* ಕನಿಷ್ಠ ವೇತನ
* ಕಿರಿಮಂಜೇಶ್ವರ